ಐವತ್ತು ಸಾವಿರ ಜನ ಎಲ್ಲಿದ್ದಾರೆ?

ಕೊಲಂಬಸ್ ಅಂದ ಕೂಡಲೇ ಎಲ್ಲರೂ ಒಹಾಯೋ ರಾಜ್ಯದ ದೊಡ್ಡ ಕೊಲಂಬಸ್ ಅಂದುಕೊಳ್ಳುತ್ತಾರೆ. ನಮ್ಮದು ಅದಲ್ಲ, ಇಂಡಿಯಾನಾದ ಕೊಲಂಬಸ್. ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುತ್ತದೆ. ಊರಿನ ಸುತ್ತ ಮೆಕ್ಕೆಜೋಳ, ಸೋಯಾ ಹೊಲಗಳು. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 50,474. ಅಂದರೆ ಹೆಚ್ಚುಕಡಿಮೆ ನಮ್ಮ ಅತ್ತೆಯ ಅರಸೀಕೆರೆಯಷ್ಟು. 2011ರ ಗಣತಿಯಲ್ಲಿ ಅರಸೀಕೆರೆ ಪಟ್ಟಣದಲ್ಲಿ ಸುಮಾರು 53 ಸಾವಿರ ಜನ ಇದ್ದರು.

ಅರಸೀಕೆರೆಯ ಸಂಖ್ಯೆಗೆ ಯಾರೂ ಪುರಾವೆ ಕೇಳುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಅಷ್ಟೂ ಜನ ಅಲ್ಲೇ ಇದ್ದಾರೆ ಅನಿಸುತ್ತದೆ. ಇಲ್ಲಿ ಹಾಗಲ್ಲ. ಊರಿಂದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು ಮಾರನೇ ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಲ್ಲಿ ಕಿಟಕಿಯ ಪರದೆ ಸರಿಸಿ ನೋಡುತ್ತಾರೆ. ಸಾಲು ಮನೆ, ಕತ್ತರಿಸಿದ ಹುಲ್ಲು, ಅಗಲವಾದ ರಸ್ತೆ. ಒಂದು ನರಪಿಳ್ಳೆಯೂ ಇಲ್ಲ. ನಮ್ಮತ್ತೆ ಮೊದಲ ಸಲ ಬಂದಾಗ ಪರದೆ ಹಿಡಿದುಕೊಂಡೇ ಕೇಳಿದರು, "ಏನಮ್ಮಾ, ಇವತ್ತು ಬಂದ್ ಏನಾದ್ರೂ ಇದೆಯಾ?"

ಇಲ್ಲ ಅತ್ತೆ, ಎಂದಿನ ಮಂಗಳವಾರ ಅಂದೆ. ಅವರು ನಂಬಲಿಲ್ಲ.

ಜನ ಇದ್ದಾರೆ. ಆದರೆ ಅವರನ್ನು ನೋಡುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಇಲ್ಲಿ ಮನುಷ್ಯ ಅಡುಗೆಮನೆಯಿಂದ ಒಂದು ಬಾಗಿಲು ದಾಟಿದರೆ ಗ್ಯಾರೇಜು, ಗ್ಯಾರೇಜಿನಲ್ಲಿ ಕಾರು. ಗುಂಡಿ ಒತ್ತಿದರೆ ದೊಡ್ಡ ಬಾಗಿಲು ಮೇಲೆ ಹೋಗುತ್ತದೆ, ಕಾರು ಹೊರಗೆ ಹೋಗುತ್ತದೆ, ಬಾಗಿಲು ಕೆಳಗೆ ಬರುತ್ತದೆ. ಬ್ಯಾಂಕು, ಔಷಧಿ ಅಂಗಡಿ, ಕಾಫಿ ಎಲ್ಲಕ್ಕೂ ಕಾರಿನಿಂದ ಇಳಿಯದೆ ಕೆಲಸ ಮುಗಿಸುವ ಕಿಟಕಿ ಇದೆ. ಸಂಜೆ ಮತ್ತೆ ಗುಂಡಿ, ಬಾಗಿಲು, ಅಡುಗೆಮನೆ. ನೆಲ ಮುಟ್ಟದೆ ಒಂದು ದಿನ ಕಳೆಯಿತು. 2019ರ ಲೆಕ್ಕದಲ್ಲಿ ಅಮೆರಿಕದಲ್ಲಿ ಕೆಲಸಕ್ಕೆ ಹೋಗುವ ನೂರು ಜನರಲ್ಲಿ 76 ಮಂದಿ ಒಬ್ಬರೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಅವರೆಲ್ಲ ರಸ್ತೆಯಲ್ಲೇ ಇರುತ್ತಾರೆ, ಗಾಜಿನ ಆಚೆ. ನಾಲ್ಕು ರಸ್ತೆ ಕೂಡುವಲ್ಲಿ ಎಲ್ಲ ಕಡೆಯ ಕಾರೂ ನಿಂತು, "ನೀವು ಹೋಗಿ" "ಇಲ್ಲ, ನೀವೇ ಹೋಗಿ" ಅಂತ ಕೈಸನ್ನೆ ಮಾಡುತ್ತಾರಲ್ಲ, ಆ ನಾಲ್ಕು ಸೆಕೆಂಡೇ ನಮ್ಮ ಊರಿನ ಅರಳಿಕಟ್ಟೆ.

ಅತ್ತೆ ಸುಮ್ನೆ ಕೂರುವವರಲ್ಲ. ಸ್ವಲ್ಪ ದಿನದಲ್ಲೇ ತಮ್ಮದೇ ಜನಗಣತಿ ಶುರು ಮಾಡಿದರು. ಅವರ ಆಧಾರ ಕಸದ ಡಬ್ಬಿ. ಕಸದ ಲಾರಿ ಬರುವ ದಿನ ಪ್ರತಿ ಮನೆಯ ಮುಂದೆ ಗಾಲಿ ಇರುವ ದೊಡ್ಡ ಡಬ್ಬಿ ಬಂದು ನಿಲ್ಲುತ್ತದೆ, ಅದರ ಪಕ್ಕ ರಟ್ಟಿನ ಪೆಟ್ಟಿಗೆಗಳು. ಅತ್ತೆ ಬೆಳಗಿನ ವಾಕಿಂಗ್ ಮುಗಿಸಿ ಬಂದು ಕಾಫಿ ಕುಡಿಯುತ್ತಾ ವರದಿ ಒಪ್ಪಿಸುತ್ತಿದ್ದರು. ಎದುರು ಮನೆಯಲ್ಲಿ ಕೂಸು ಹುಟ್ಟಿದೆ, ಡೈಪರ್ ಪೆಟ್ಟಿಗೆ ಇತ್ತು. ಮೂಲೆ ಮನೆಯವರು ಅಡುಗೆ ಮಾಡೋದೇ ಇಲ್ಲ, ಬರೀ ಪಿಜ್ಜಾ ಡಬ್ಬ. ಎಡಗಡೆ ಮನೆಯಲ್ಲಿ ಒಬ್ಬರೇ ಇರೋದು, ಡಬ್ಬಿ ಅರ್ಧವೂ ತುಂಬಿರಲ್ಲ, ಎಳೆಯುವಾಗ ಸದ್ದು ಬೇರೆ. ಅಷ್ಟು ವರ್ಷ ಅಲ್ಲಿದ್ದ ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಎಡಗಡೆ ಮನೆಯ ವಿಷಯ ಮಾತ್ರ ಅವರಿಗೆ ಸರಿಬರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಒಂದೇ ಜೀವವಾ ಅಂತ. ಇದೇನು ನಮ್ಮ ಬೀದಿಯ ವಿಶೇಷವಲ್ಲ. 1940ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಒಬ್ಬರೇ ಇದ್ದ ಮನೆಗಳು ಎಂಟೂ ಇರಲಿಲ್ಲ. 2020ರ ಹೊತ್ತಿಗೆ ಅದು ನೂರಕ್ಕೆ 27 ದಾಟಿತ್ತು. ಅತ್ತೆ ಅಂಕಿ ಕೇಳಿ ತಲೆಯಾಡಿಸಿದರು. ಮಾರನೇ ದಿನ ಒಂದು ಡಬ್ಬಿ ಕೋಡುಬಳೆ ಹಿಡಿದು ಆ ಮನೆಯ ಬೆಲ್ ಒತ್ತಿದರು. ಆ ಅಜ್ಜಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಬ್ಬರೂ ಏನು ಮಾತಾಡಿದರೋ, ವಾಪಸ್ ಬರುವಾಗ ಡಬ್ಬಿಯಲ್ಲಿ ಬಾಳೆಹಣ್ಣಿನ ಬ್ರೆಡ್ ಇತ್ತು. ಮೊಟ್ಟೆ ಹಾಕಿರಬಹುದು ಅಂತ ಅತ್ತೆ ತಿನ್ನಲಿಲ್ಲ, ಅದು ಬೇರೆ ಕಥೆ.

ನಮ್ಮ ಊರಿನಲ್ಲಿ ಕಾಲ ಮೇಲೆ ನಿಂತ ಜನರನ್ನು ನೋಡಬೇಕೆಂದರೆ ಬೇಸಿಗೆಯಲ್ಲಿ ಡೌನ್‌ಟೌನಿಗೆ ಹೋಗಬೇಕು. ಆದರೆ ಅವರಲ್ಲಿ ಅರ್ಧ ಜನ ಊರಿನವರಲ್ಲ. ಕಟ್ಟಡ ನೋಡಲು ಬಂದವರು. ಇಷ್ಟು ಚಿಕ್ಕ ಊರಿನಲ್ಲಿ ಇಂಥ ಕಟ್ಟಡಗಳು ಹೇಗೆ ಬಂದವು ಅನ್ನುವುದಕ್ಕೆ ಕಾರಣ ಡೀಸೆಲ್ ಎಂಜಿನ್. ಕ್ಲೆಸ್ಸಿ ಕಮಿನ್ಸ್ ಅನ್ನುವವನು ಇಲ್ಲಿನ ಬ್ಯಾಂಕಿನ ಸಾಹುಕಾರರ ಮನೆಯಲ್ಲಿ ಕಾರ್ ಡ್ರೈವರ್ ಆಗಿದ್ದ. ಆ ಸಾಹುಕಾರ ಇರ್ವಿನ್ ಹಣ ಹಾಕಿ 1919ರಲ್ಲಿ ಕಮಿನ್ಸ್ ಕಂಪನಿ ಶುರುವಾಯಿತು. ಮುಂದೆ ಅದನ್ನು ಬೆಳೆಸಿದವರು ಅದೇ ಮನೆತನದ ಇರ್ವಿನ್ ಮಿಲ್ಲರ್. ಒಳ್ಳೆಯ ಎಂಜಿನಿಯರುಗಳು ಹೊಲಗಳ ನಡುವಿನ ಈ ಊರಿಗೆ ಯಾಕೆ ಬರಬೇಕು ಅಂತ ಯೋಚಿಸಿ, ಅವರು ಊರಿಗೆ ಒಂದು ಮಾತು ಕೊಟ್ಟರು. ನೀವು ಶಾಲೆ ಕಟ್ಟಿ, ಒಳ್ಳೆಯ ಆರ್ಕಿಟೆಕ್ಟ್ ಹತ್ತಿರ ನಕ್ಷೆ ಮಾಡಿಸಿ, ಅವರ ಫೀಸು ನಮ್ಮ ಪ್ರತಿಷ್ಠಾನದ್ದು. ಶಾಲೆಯಿಂದ ಶುರುವಾದದ್ದು ಅಗ್ನಿಶಾಮಕ ಠಾಣೆ, ಅಂಚೆ ಕಚೇರಿಗಳಿಗೂ ಹಬ್ಬಿತು. ಹೆಸರಾಂತ ಆರ್ಕಿಟೆಕ್ಟ್ ಐ. ಎಂ. ಪೇ ನಕ್ಷೆ ಮಾಡಿದ ಲೈಬ್ರರಿ ಇದೆ, 1969ರದ್ದು. ಅದರ ಮುಂದೆ ಶಿಲ್ಪಿ ಹೆನ್ರಿ ಮೂರ್‌ನ 20 ಅಡಿ ಎತ್ತರದ ಕಂಚಿನ ಕಮಾನು. ದೂರದೂರಿನ ವಿದ್ಯಾರ್ಥಿಗಳು ರಸ್ತೆಯಲ್ಲಿ ಕೂತು ಅದರ ಚಿತ್ರ ಬರೆಯುತ್ತಾರೆ. ನಮ್ಮ ಮಕ್ಕಳು ಅದರ ಕೆಳಗೆ ಕಣ್ಣಾಮುಚ್ಚಾಲೆ ಆಡುತ್ತಾರೆ. ನಾವು ಲೈಬ್ರರಿಯ ಪುಸ್ತಕ ತಡವಾಯಿತು ಅಂತ ತಲೆ ತಗ್ಗಿಸಿಕೊಂಡು ಒಳಗೆ ಓಡುತ್ತೇವೆ.

ಮಿಲ್ಲರ್ ಅವರ ಲೆಕ್ಕ ತಪ್ಪಲಿಲ್ಲ. ಎಂಜಿನಿಯರುಗಳು ಬಂದರು. ಎಷ್ಟು ದೂರದಿಂದ ಬರುತ್ತಾರೆ ಅಂತ ಅವರು ಅಂದುಕೊಂಡಿದ್ದರೋ ಏನೋ. 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಆರಂಭವಾಯಿತು. ಅದರ ದೆಸೆಯಿಂದ ಇರಬೇಕು, ಇಲ್ಲಿನ ದಿನಸಿ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಹತ್ತಿರ ನಿಂತರೆ ಕನ್ನಡಕ್ಕಿಂತ ಮರಾಠಿ ಜಾಸ್ತಿ ಕಿವಿಗೆ ಬೀಳುತ್ತದೆ. ಕನ್ನಡದವರು ಇದ್ದೇವೆ, ಗಣೇಶನ ಹಬ್ಬಕ್ಕೆ ಒಂದು ಹಾಲ್ ತುಂಬುವಷ್ಟು.

ಇನ್ನು ಊರಿಗೆ ಊರೇ ಒಟ್ಟಿಗೆ ಕಾಣಬೇಕಾದರೆ ಚಳಿಗಾಲದ ಶುಕ್ರವಾರ ರಾತ್ರಿ ಹೈಸ್ಕೂಲ್ ಬಾಸ್ಕೆಟ್‌ಬಾಲ್‌ಗೆ ಹೋಗಬೇಕು. ಇಂಡಿಯಾನಾದವರಿಗೆ ಈ ಆಟದ ಹುಚ್ಚು ಎಷ್ಟೆಂದರೆ, 1954ರಲ್ಲಿ 161 ಮಕ್ಕಳಿದ್ದ ಮಿಲಾನ್ ಶಾಲೆ ರಾಜ್ಯ ಚಾಂಪಿಯನ್ ಆದದ್ದನ್ನು ನಿನ್ನೆ ಆದಂತೆ ಹೇಳುತ್ತಾರೆ. ನಮ್ಮ ಕೊಲಂಬಸ್ ನಾರ್ತ್ ಹೈಸ್ಕೂಲಿನ ಜಿಮ್ನಾಷಿಯಂನಲ್ಲಿ ಸುಮಾರು 7,000 ಆಸನಗಳಿವೆ. ಊರಿನ ಪ್ರತಿ ಏಳು ಜನರಲ್ಲಿ ಒಬ್ಬರು ಕೂರಬಹುದು. ಒಂದು ಹೈಸ್ಕೂಲಿಗೆ ಇಷ್ಟು ದೊಡ್ಡದು ಯಾಕೆ ಅಂತ ನಾನು ಕೇಳಿದಾಗ ಪಕ್ಕದಲ್ಲಿ ಕೂತಿದ್ದವರು ನನ್ನನ್ನು ಕನಿಕರದಿಂದ ನೋಡಿದರು.

ಈ ಊರಿಗೆ ಇನ್ನೊಂದು ಹೆಮ್ಮೆ ಇರಬೇಕಿತ್ತು. ಯಾರೂ ಹೇಳಿಕೊಳ್ಳುವುದನ್ನು ಮಾತ್ರ ನಾನು ಕೇಳಿಲ್ಲ. ಅಮೆರಿಕದ ನಕ್ಷೆಯನ್ನು ಭಾರವಿಲ್ಲದ ಚಪ್ಪಟೆ ಹಲಗೆ ಮಾಡಿ, ಪ್ರತಿಯೊಬ್ಬರಿಗೂ ಒಂದೇ ತೂಕ ಅಂದುಕೊಂಡು, ಅವರವರ ಜಾಗದಲ್ಲಿ ನಿಲ್ಲಿಸಿದರೆ ಆ ಹಲಗೆ ಯಾವ ಬಿಂದುವಿನ ಮೇಲೆ ಓಲದೆ ನಿಲ್ಲುತ್ತದೆ? ಜನಗಣತಿ ಇಲಾಖೆ ಹತ್ತು ವರ್ಷಕ್ಕೊಮ್ಮೆ ಆ ಬಿಂದುವನ್ನು ಲೆಕ್ಕ ಹಾಕುತ್ತದೆ. 1790ರಲ್ಲಿ ಅದು ಪೂರ್ವ ಕರಾವಳಿಯ ಮೇರಿಲ್ಯಾಂಡ್‌ನಲ್ಲಿತ್ತು. ಜನ ಪಶ್ಚಿಮಕ್ಕೆ ಹೋದಂತೆಲ್ಲ ಅದೂ ಹೊರಟಿತು. 1890ರಲ್ಲಿ ಕೊಲಂಬಸ್‌ನಿಂದ 20 ಮೈಲಿ ಪೂರ್ವಕ್ಕಿತ್ತು. 1900ರಲ್ಲಿ ಬರೀ 6 ಮೈಲಿ ಆಗ್ನೇಯಕ್ಕೆ. 1910ಕ್ಕೆ ನೋಡಿದರೆ ಆಗಲೇ ನಮ್ಮನ್ನು ದಾಟಿ ಬ್ಲೂಮಿಂಗ್ಟನ್ ಸೇರಿತ್ತು. 2020ರಲ್ಲಿ ಮಿಸ್ಸೂರಿಯ ಹಾರ್ಟ್‌ವಿಲ್ ಹತ್ತಿರ ಇದೆ. ಅದು ನಮ್ಮ ಹೊಲಗಳ ನಡುವೆ ಇದ್ದ 1900ರಲ್ಲೇ ಗ್ರೀಸಿನಿಂದ ಬಂದ ಅಣ್ಣತಮ್ಮಂದಿರು ವಾಷಿಂಗ್ಟನ್ ಸ್ಟ್ರೀಟಿನಲ್ಲಿ ಜಹರಾಕೋಸ್ ಅನ್ನುವ ಐಸ್‌ಕ್ರೀಂ ಅಂಗಡಿ ತೆರೆದರು. ದೇಶದ ಕೇಂದ್ರ ಹೊರಟುಹೋಯಿತು, ಐಸ್‌ಕ್ರೀಂ ಉಳಿಯಿತು. ನನಗೇನೂ ದೂರಿಲ್ಲ.

ಆ ಗ್ರೀಕರನ್ನು ಗಣತಿಯಲ್ಲಿ ಬಿಳಿಯರ ಖಾನೆಗೆ ಹಾಕುತ್ತಿದ್ದರು, ಅಲ್ಲಿಗೆ ಮುಗಿಯಿತು. ನಮ್ಮವರದು ಅಷ್ಟು ಸಲೀಸಲ್ಲ. 1920ರಿಂದ 1940ರವರೆಗೆ ಅಮೆರಿಕದ ಜನಗಣತಿಯಲ್ಲಿ ಭಾರತದವರ ಜನಾಂಗ 'ಹಿಂದೂ'. ಕ್ಯಾಲಿಫೋರ್ನಿಯಾದಲ್ಲಿ ಹೊಲ ಮಾಡುತ್ತಿದ್ದ ಸಿಖ್ಖರೂ ಹಿಂದೂ, ಬಂಗಾಳದಿಂದ ಹಡಗಿನಲ್ಲಿ ಬಂದ ಮುಸಲ್ಮಾನರೂ ಹಿಂದೂ. 1970ರಲ್ಲಿ ಇದ್ದಕ್ಕಿದ್ದಂತೆ ನಾವೆಲ್ಲ ಬಿಳಿಯರಾದೆವು. 1980ರಲ್ಲಿ 'ಏಷ್ಯನ್ ಇಂಡಿಯನ್' ಅಂತ ನಮ್ಮದೇ ಒಂದು ಚೌಕ ಬಂತು. ಚರ್ಮ ಅದೇ, ಸಾರೂ ಅದೇ, ಖಾನೆ ಮಾತ್ರ ಬದಲಾಗುತ್ತಾ ಬಂತು. ಹತ್ತು ವರ್ಷ ಬಿಳಿಯರಾಗಿದ್ದೆವು ಅಂತ ಹೇಳಿದಾಗ ಅತ್ತೆ ಬಿದ್ದು ಬಿದ್ದು ನಕ್ಕರು.

2020ರ ಗಣತಿಯ ಕಾಗದ ನಮ್ಮ ಮನೆಗೆ ಮಾರ್ಚ್‌ನಲ್ಲಿ ಬಂತು. ಕಂಪ್ಯೂಟರಿನಲ್ಲೇ ತುಂಬಬಹುದು. ತುಂಬುವುದು ಹೇಗೆ ಅಂತ ವಿವರಿಸುವ ಕೈಪಿಡಿ 59 ಭಾಷೆಗಳಲ್ಲಿತ್ತು. ಹಿಂದಿ, ತಮಿಳು, ತೆಲುಗು, ಮಲಯಾಳ, ಮರಾಠಿ, ಸಿಂಹಳ ಕೂಡ ಇತ್ತು. ಕನ್ನಡ ಇರಲಿಲ್ಲ. ಇವರು "ನಿನಗೆ ಇಂಗ್ಲಿಷ್ ಬರುತ್ತಲ್ಲ, ಇನ್ನೇನು?" ಅಂದರು. ಇನ್ನೇನು ಅಂದರೆ ಇನ್ನೇನೂ ಇಲ್ಲ. ಆದರೂ ಪಟ್ಟಿಯನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದೆ.

ಆ ಹೊತ್ತಿಗೆ ಅತ್ತೆ ನಮ್ಮಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಕೊರೋನಾ ಬಂದು ಮಾರ್ಚ್ ಕೊನೆಯ ವಾರದಿಂದ ಭಾರತಕ್ಕೆ ವಿಮಾನ ನಿಂತಿದ್ದವು. ಎಲ್ಲರೂ ಮನೆಯೊಳಗೆ. ಈಗ ಬೀದಿ ಖಾಲಿ ಇದ್ದರೆ ಅದಕ್ಕೊಂದು ಕಾರಣವಿತ್ತು. ಸೋಜಿಗ ಅಂದರೆ ಆಗಲೇ ಜನ ಹೊರಗೆ ಕಾಣತೊಡಗಿದರು. ಮಾಡಲು ಏನೂ ಇಲ್ಲದೆ ಇಡೀ ಬೀದಿ ಸಂಜೆ ವಾಕಿಂಗ್ ಹೊರಟಿತು. ಅತ್ತೆಗೆ ತಮ್ಮ ಲೆಕ್ಕ ತಾಳೆ ನೋಡಲು ಒಳ್ಳೆಯ ಅವಕಾಶ. ಮೂಲೆ ಮನೆಯ ಪಿಜ್ಜಾದವರು ನಾಲ್ವರು ಹುಡುಗರು ಅಂತ ಖಚಿತವಾಯಿತು.

ಫಾರಂನ ಮೊದಲ ಪ್ರಶ್ನೆ: 2020ರ ಏಪ್ರಿಲ್ 1ರಂದು ಈ ಮನೆಯಲ್ಲಿ ಎಷ್ಟು ಜನ ಇದ್ದರು? ಇವರು ಸಲೀಸಾಗಿ ನಾಲ್ಕು ಅಂತ ಒತ್ತಿದರು. ಅತ್ತೆ ಕನ್ನಡಕದ ಮೇಲಿಂದ ಮಗನನ್ನು ನೋಡಿದರು. "ಯಾಕೋ, ನಾಲ್ಕು? ನಾನೆಲ್ಲೋ?"

ಇವರು ನಿಯಮ ವಿವರಿಸಿದರು. ವೀಸಾ ಇದ್ದರೂ, ಪೌರತ್ವ ಇಲ್ಲದಿದ್ದರೂ ಇಲ್ಲೇ ವಾಸ ಮಾಡುವವರೆಲ್ಲ ಲೆಕ್ಕಕ್ಕೆ ಸೇರುತ್ತಾರೆ. ಬೇರೆ ದೇಶದಿಂದ ನೆಂಟರಾಗಿ ಬಂದವರು ಸೇರುವುದಿಲ್ಲ. ಈ ಹಾಳೆಗಳನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ಎಲ್ಲರಿಗೂ ತೆರೆಯುತ್ತಾರೆ ಅಂತಲೂ ಸೇರಿಸಿದರು. ಅದನ್ನು ಯಾಕೆ ಹೇಳಬೇಕಿತ್ತೋ.

"ಅಂದ್ರೆ 72 ವರ್ಷ ಆದ್ಮೇಲೂ ನಾನು ಇಲ್ಲಿ ಇರಲೇ ಇಲ್ಲ ಅಂತಾನೇ ಬರುತ್ತೆ?"

"ಹೂಂ ಅಮ್ಮ. ರೂಲ್ಸ್ ಹಾಗೆ."

"ಆಯ್ತಪ್ಪ," ಅಂದರು ಅತ್ತೆ, ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಸೋಫಾದಲ್ಲಿ ಕೂತು. "ಸಿಂಕ್‌ನಲ್ಲಿ ಪಾತ್ರೆ ಇದೆ. ಲೆಕ್ಕದಲ್ಲಿರೋ ನಾಲ್ಕು ಜನ ತೊಳ್ಕೊಳ್ಳಿ."