ಸತ್ಯಾಂಶ: ಲಕ್ಷ್ಮಣಫಲ ಕಿಮೋಥೆರಪಿಗಿಂತ 10,000 ಪಟ್ಟು ಪ್ರಬಲವೇ?

ಲಕ್ಷ್ಮಣಫಲದ ಹಣ್ಣು ಅಥವಾ ಎಲೆಯ ಕಷಾಯ ಕಿಮೋಥೆರಪಿಗಿಂತ 10,000 ಪಟ್ಟು ಪ್ರಬಲ, ಔಷಧ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ ಎಂಬ ಸಂದೇಶ ವರ್ಷಗಳಿಂದ ಹರಿದಾಡುತ್ತಿದೆ. ಆ ಸಂಖ್ಯೆ ಕಟ್ಟುಕತೆಯಲ್ಲ. ಅದಕ್ಕೆ ಹಚ್ಚಿರುವ ಅರ್ಥ ತಪ್ಪು.

ಉಷ್ಣವಲಯದ ಅಮೆರಿಕ ಮೂಲದ ಈ ಮರದ ಬೀಜದಿಂದ ಬೇರ್ಪಡಿಸಿದ ಸಿಸ್-ಅನೋನಾಸಿನ್ ಎಂಬ ಸಂಯುಕ್ತವು, ಪ್ರಯೋಗಾಲಯದಲ್ಲಿ ಬೆಳೆಸಿದ ಒಂದು ಬಗೆಯ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್ ಎಂಬ ಕಿಮೋಥೆರಪಿ ಔಷಧಕ್ಕಿಂತ 10,000 ಪಟ್ಟು ತೀಕ್ಷ್ಣವೆಂದು 1996ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿಯೇ ಪ್ರಕಟವಾಗಿತ್ತು. ತೀಕ್ಷ್ಣತೆಯೆಂದರೆ ಕೋಶವನ್ನು ಕೊಲ್ಲಲು ಕಡಿಮೆ ಪ್ರಮಾಣ ಸಾಕೆಂದಷ್ಟೇ, ರೋಗಿ ಗುಣವಾಗುತ್ತಾನೆಂದಲ್ಲ.

ಇಂಥ ಸಂಯುಕ್ತವನ್ನು ಪಡೆಯಲು ಬೀಜದ ಪುಡಿಯನ್ನು ಎಥನಾಲ್‌ನಂಥ ದ್ರಾವಕದಲ್ಲಿ ನೆನೆಸಿ, ಸಾರವನ್ನು ಸಿಲಿಕಾ ತುಂಬಿದ ಗಾಜಿನ ನಳಿಕೆಯ ಮೂಲಕ ಹಾಯಿಸಿ, ಹೊರಬರುವ ಒಂದೊಂದು ಭಾಗವನ್ನೂ ಪರೀಕ್ಷೆಗೆ ಒಡ್ಡಿ, ಚುರುಕಾಗಿ ವರ್ತಿಸಿದ್ದನ್ನು ಮಾತ್ರ ಮತ್ತೆ ಮತ್ತೆ ಬೇರ್ಪಡಿಸುತ್ತಾರೆ. ಕೊನೆಗೆ ಉಳಿಯುವ ಕೆಲವೇ ಮಿಲಿಗ್ರಾಂ ಶುದ್ಧ ವಸ್ತುವಿಗೂ ಲೋಟದಲ್ಲಿನ ಕಷಾಯಕ್ಕೂ ಹೋಲಿಕೆಯೇ ಇಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿನ ಕ್ಯಾನ್ಸರ್ ಕೋಶವನ್ನು ಬ್ಲೀಚ್ ಕೂಡ ಕೊಲ್ಲುತ್ತದೆ!

ಲಕ್ಷ್ಮಣಫಲದಲ್ಲಿರುವ, ಸಿಸ್-ಅನೋನಾಸಿನ್ ಗುಂಪಿನದೇ ಆದ ಅನೋನಾಸಿನ್ ಎಂಬ ಸಂಯುಕ್ತ ನರಕೋಶಗಳಿಗೂ ಹಾನಿಕರ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ಸ್ ಹೋಲುವ ಅಪರೂಪದ ಕಾಯಿಲೆಗೂ ಈ ಹಣ್ಣು, ಎಲೆಗಳ ಅತಿಸೇವನೆಗೂ ನಂಟಿರಬಹುದೆಂದು ಸಂಶೋಧಕರು 1999ರಲ್ಲೇ ಗಮನ ಸೆಳೆದಿದ್ದರು.

ಸಸ್ಯದಿಂದ ಕ್ಯಾನ್ಸರ್ ಔಷಧ ಬಂದದ್ದುಂಟು: ಮಡಗಾಸ್ಕರ್ ಮೂಲದ ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ 1963ರಲ್ಲಿ ಅನುಮೋದನೆ ಸಿಕ್ಕಿತು. ಅದನ್ನು ವೈದ್ಯರು ಇಂದಿಗೂ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳದ ಮೂಲಕವೇ ಕೊಡುತ್ತಾರೆ.