ವಾಪಸ್ ಬರೋದೂ ಪ್ರವಾಸವೇ

ನಿನ್ನೆ ಸಂಜೆ ಮನೆ ಮುಟ್ಟಿದೆವು. ಶ್ರೀನಗರದಿಂದ ಶಿವಮೊಗ್ಗಕ್ಕೆ ಏಳು ದಿನ, ಹತ್ತಿರ ಹತ್ತಿರ 3000 ಕಿಲೋಮೀಟರ್. ಕಾರಿನಿಂದ ಬ್ಯಾಗ್ ಇಳಿಸುವ ಮೊದಲೇ ಫೋನ್ ಬಂತು. ಹೇಗಿದ್ದೀರಿ, ಮಗು ಹೇಗಿದ್ದಾಳೆ, ಊಟ ಆಯ್ತಾ ಅಂತ ಒಂದು ಮಾತಿಲ್ಲ. "ಏಳು ದಿನಾನಾ? ನಮ್ಮ ಆಫೀಸಿನವರೊಬ್ಬರು ಮೂರೇ ದಿನಕ್ಕೆ ಬಂದ್ರಂತೆ ಮಾರಾಯ!" ಇವತ್ತು ಮಧ್ಯಾಹ್ನದ ಹೊತ್ತಿಗೆ ಇದೇ ಮಾತು ಇನ್ನೂ ಮೂರು ಜನರಿಂದ ಕೇಳಿದೆ. ಸಿಟ್ಟು ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋಗುವಾಗ ಯಾರೂ ಹೀಗೆ ಕೇಳಲಿಲ್ಲ. ಆಗ ಎಲ್ಲರೂ "ನಿಧಾನಕ್ಕೆ ನೋಡ್ಕೊಂಡು ಹೋಗಿ" ಅಂದವರೇ. ವಾಪಸ್ ಹೊರಟ ಕೂಡಲೇ ಅದು ಪ್ರವಾಸ ಅಲ್ಲ, ಸುಮ್ನೆ ಮುಗಿಸಬೇಕಾದ ಕೆಲಸ ಅಂತ ಆಗಿಬಿಡುತ್ತದೆ. ರಜೆ ಮುಗಿದಿರುತ್ತದೆ. ದುಡ್ಡು ಖಾಲಿಯಾಗಿರುತ್ತದೆ. ಮೈಯಲ್ಲಿ ಹದಿನೈದು ದಿನದ ಸುಸ್ತು ತುಂಬಿರುತ್ತದೆ. ಆ ಸುಸ್ತಾದ ಮೈಯಲ್ಲೇ ನಾವು ಎಲ್ಲಕ್ಕಿಂತ ಜಾಸ್ತಿ ಹೊತ್ತು, ಜಾಸ್ತಿ ಜೋರಾಗಿ ಗಾಡಿ ಓಡಿಸುತ್ತೇವೆ.

ಐದನೇ ರಾತ್ರಿ ತೆಲಂಗಾಣದ ನಿರ್ಮಲ್‌ನಲ್ಲಿ ಉಳಿದಿದ್ದೆವು. ಮರದ ಆಟಿಕೆಗೆ ಹೆಸರಾದ ಊರು, ನಮ್ಮ ಚನ್ನಪಟ್ಟಣದ ಹಾಗೆ. ಹತ್ತು ಗಂಟೆ ಹೊತ್ತಿಗೆ ಧಾಬಾದಲ್ಲಿ ಊಟ ಮುಗಿಸಿ ಹೊರಗೆ ಬಂದರೆ ನಮ್ಮ ಶಿವಮೊಗ್ಗದ ನಂಬರಿನ ಬಿಳಿ ಕಾರು. ಕೆಎ 14. ಎಷ್ಟು ಖುಷಿ ಆಯ್ತು ಗೊತ್ತಾ? ನಾಲ್ಕು ಜನ ಹುಡುಗರು. ಒಬ್ಬ ಕೈತೊಳೆಯುವ ನಲ್ಲಿ ಕೆಳಗೆ ತಲೆ ಒಡ್ಡಿ ನಿಂತಿದ್ದ. ನೀರು ಕುತ್ತಿಗೆಯಿಂದ ಇಳಿದು ಅಂಗಿಯೆಲ್ಲ ಒದ್ದೆಯಾಗಿತ್ತು. ತಲೆ ಎತ್ತಿದ. ಕಣ್ಣು ಕೆಂಡದ ಹಾಗಿದ್ದವು. ಅವನೇ ಡ್ರೈವರ್. ಬೆಳಗಿನ ಜಾವ ನಾಲ್ಕಕ್ಕೆ ಝಾನ್ಸಿ ಬಿಟ್ಟಿದ್ದರಂತೆ. "ನಾಳೆ ಮಧ್ಯಾಹ್ನದ ಊಟಕ್ಕೆ ಮನೆ ಅಂಕಲ್" ಅಂದ.

ಇಲ್ಲೇ ಉಳಿಯಿರಿ, ರೂಮಿಗೆ ನಾನೇ ದುಡ್ಡು ಕೊಡ್ತೀನಿ ಅಂತ ಕೇಳಿಕೊಂಡೆ. ನಕ್ಕರು. ಅಭ್ಯಾಸ ಇದೆ ಅಂದರು. ಕಾರು ಹೊರಟೇಹೋಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಇವತ್ತು ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ ಮುಂಬೈಯಿಂದ ಒಂದೇ ಏಟಿಗೆ ಮನೆಗೆ ಬಂದಿದ್ದೆವಲ್ಲ, ನೀವೆಲ್ಲ ಶಹಬ್ಬಾಸ್ ಅಂದಿದ್ದಿರಿ. ಹಾವೇರಿ ದಾಟಿದ ಮೇಲೆ, ಬೆಳಗಿನ ಜಾವ ಮೂರೂವರೆಗೆ, ನಾನು ನಿದ್ದೆ ಹೋಗಿದ್ದೆ. ಜಲ್ಲಿಕಲ್ಲು ಕಾರಿನ ತಳಕ್ಕೆ ಬಡಿದ ಸದ್ದಿಗೆ ಎಚ್ಚರ ಆಯಿತು. ಎಡಗಡೆ ಚಕ್ರ ಆಗಲೇ ಟಾರು ಬಿಟ್ಟಿತ್ತು. ಸ್ವಲ್ಪ ಮುಂದೆ ಒಂದು ಲಾರಿ ನಿಂತಿತ್ತು, ಹಿಂದಿನ ಲೈಟೂ ಇಲ್ಲದೆ. ಗಂಟೆಗೆ 90ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದರೆ 75 ಮೀಟರ್. ಹಿಂದಿನ ಸೀಟಿನಲ್ಲಿ ಮೂರು ವರ್ಷದ ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ನನ್ನ ಹೆಂಡತಿಯೂ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಇದನ್ನು ಇವತ್ತಿನವರೆಗೂ ಹೇಳಿರಲಿಲ್ಲ. ಇಲ್ಲೇ ಓದುತ್ತಾಳೆ. ತಪ್ಪಾಯಿತು ಕಣೆ.

ರಾತ್ರಿ ಟ್ರಾಫಿಕ್ ಕಡಿಮೆ, ಬಿಸಿಲಿಲ್ಲ, ಲಾಡ್ಜ್ ಖರ್ಚೂ ಉಳಿಯುತ್ತೆ ಅಂತ ಹೇಳುವವರಿದ್ದಾರೆ. ಟ್ರಾಫಿಕ್ ಕಡಿಮೆ, ನಿಜ. ಆದರೆ ನಡುರಾತ್ರಿ ಕಳೆದ ಮೇಲೆ ಬೆಳಗಾಗುವ ತನಕ ಮೈ ತಾನಾಗೇ ನಿದ್ದೆ ಕೇಳುತ್ತದೆ. ಕಿಟಕಿ ಇಳಿಸಿದರೆ, ಹಾಡು ಜೋರಾಗಿ ಹಾಕಿದರೆ ಅದು ಹೋಗುವುದಿಲ್ಲ. ನಾಲ್ಕು ಪಥದ ನೆಟ್ಟಗಿನ ರಸ್ತೆ ಬೇರೆ ಜೋಗುಳ ಹಾಡುತ್ತದೆ. ಫಾಸ್ಟ್‌ಟ್ಯಾಗ್ ಬಂದ ಮೇಲೆ ಟೋಲ್‌ನಲ್ಲೂ ಕಾಲು ಚಾಚುವಷ್ಟು ಹೊತ್ತು ನಿಲ್ಲುವುದಿಲ್ಲ. ಲಾರಿಯವರು ಓಡಿಸಲ್ವಾ ಅಂತ ಇನ್ನೊಂದು ಮಾತು. ಅವರಿಗೂ ದಿನಕ್ಕೆ ಎಂಟೇ ಗಂಟೆ ದುಡಿಮೆ ಅಂತ 1961ರಲ್ಲೇ ಕಾನೂನು ಆಗಿದೆ. ಅದನ್ನು ಯಾರೂ ಪಾಲಿಸದೆ ಅವರ ನಿದ್ದೆ ಕಿತ್ತುಕೊಂಡಿದ್ದಾರೆ. ಹೊಟ್ಟೆಪಾಡಿಗೆ ಅವರು ಪಡುವ ಕಷ್ಟವನ್ನು ನಾವು ಶೋಕಿಗೆ ಯಾಕೆ ಪಡಬೇಕು? 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸರ್ಕಾರವೇ ಕೊಟ್ಟ ಲೆಕ್ಕ ಇದು. ಅದರಲ್ಲಿ 61,038 ಜನ ಹೋಗಿದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ.

ರಜೆ ಸಿಗಲ್ಲ ಅನ್ನೋರಿಗೆ ನನ್ನದು ಒಂದೇ ಮಾತು. ಅಲ್ಲಿ ಎರಡು ದಿನ ಕಡಿಮೆ ಮಾಡಿ. ನಾವು ಗುಲ್ಮಾರ್ಗ್ ನೋಡುವುದನ್ನೇ ಬಿಟ್ಟೆವು. ಮಗಳು ಅತ್ತಳು. ಬಿಟ್ಟೆವು.

ಆದರೆ ವಾಪಸ್ ಬರುವ ದಾರಿಯಲ್ಲಿ ಅವಳಿಗೆ ಸಿಕ್ಕಿದ್ದನ್ನು ನೋಡಿ. ನೋಟ್‌ಬುಕ್ಕಿನಲ್ಲಿ ದಾಟಿದ ನದಿಗಳ ಹೆಸರು ಬರೆಯುತ್ತ ಬಂದಳು. ಝೀಲಂ, ಚಿನಾಬ್, ತಾವಿ, ಬಿಯಾಸ್, ಸಟ್ಲೆಜ್, ಯಮುನಾ, ಚಂಬಲ್, ನರ್ಮದಾ, ಗೋದಾವರಿ, ಕೃಷ್ಣಾ. ಶಾಲೆಯ ನಕ್ಷೆಯಲ್ಲಿ ನೀಲಿ ಗೆರೆಯಾಗಿದ್ದವು ಒಂದೊಂದಾಗಿ ಕಣ್ಣೆದುರು ಬಂದವು. ಮಧ್ಯಪ್ರದೇಶದ ಸಾಗರದಲ್ಲಿ ಉಳಿದಾಗ "ನಮ್ಮ ಸಾಗರ ಇಲ್ಲಿಗೆ ಹೇಗೆ ಬಂತು ಅಪ್ಪಾ?" ಅಂತ ಕೇಳಿದಳು. ನಾಗಪುರಕ್ಕೆ ಮೊದಲು ಪೆಂಚ್ ಕಾಡಿನಲ್ಲಿ ರಸ್ತೆಯನ್ನೇ ಎತ್ತರಿಸಿ, ಕೆಳಗೆ ಹುಲಿ ಜಿಂಕೆಗಳು ದಾಟುವುದಕ್ಕೆ ದಾರಿ ಬಿಟ್ಟಿದ್ದಾರೆ. ಹುಲಿ ಕಾಣಲಿಲ್ಲ. ಆದರೂ ಅಷ್ಟು ದೂರವೂ ಅವಳು ಕಿಟಕಿಗೆ ಮೂಗು ಒತ್ತಿ ಕೂತಿದ್ದಳು.

ಕೊನೆಯ ರಾತ್ರಿ ಕರ್ನೂಲಿನಲ್ಲಿ. ಬೆಳಿಗ್ಗೆ ಎದ್ದು ನದಿ ಹತ್ತಿರ ಹೋದೆವು. "ಇದು ಯಾವ ನದಿ ಹೇಳು" ಅಂದೆ. ಗೊತ್ತಾಗಲಿಲ್ಲ. ತುಂಗಭದ್ರಾ ಅಂದೆ. ನಮ್ಮ ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವ ಜಾಗದಲ್ಲಿ ಎಷ್ಟು ಸಲ ಕಾಲು ಇಳಿಬಿಟ್ಟು ಕೂತವಳು ಅವಳು. ಒಂದು ನಿಮಿಷ ನೀರನ್ನೇ ನೋಡುತ್ತ ನಿಂತಳು. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತಗೊಂಡು "ಇದು ನಮ್ಮನೆ ಹತ್ತಿರದಿಂದ ಬಂದಿದ್ದಾ?" ಅಂದಳು. ನನಗೆ ಗಂಟಲು ಕಟ್ಟಿತು. ರಾತ್ರಿ ಎರಡು ಗಂಟೆಗೆ ಆ ಸೇತುವೆ ದಾಟಿದ್ದರೆ ನಮಗೆ ಇದು ಸಿಗುತ್ತಿರಲಿಲ್ಲ.

ನಿರ್ಮಲ್‌ನ ಆ ಹುಡುಗರ ಹೆಸರೂ ನಾನು ಕೇಳಲಿಲ್ಲ. ಬಿಳಿ ಕಾರು, ನಾಲ್ಕು ಜನ, ಕಾಶ್ಮೀರಕ್ಕೆ ಹೋಗಿ ಮೊನ್ನೆ ಮಧ್ಯಾಹ್ನ ಊರು ಮುಟ್ಟಬೇಕಿದ್ದವರು. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ, ಅವರು ಮನೆ ಸೇರಿದ್ರಾ ಅಂತ ಇಲ್ಲಿ ಒಂದು ಮಾತು ಬರೆಯಿರಿ.