ಟ್ರಿನಿಡಾಡ್‌ಗೆ ಹೋದರೆ ಮೊದಲು ನೆಲ್ಸನ್ ದ್ವೀಪ ನೋಡಿ

ಕೆರಿಬಿಯನ್ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು ಎರಡೇ. ಒಂದು ಕ್ರಿಕೆಟ್, ಇನ್ನೊಂದು ಬೀಚ್. ನಾನೂ ನನ್ನ ಹೆಂಡತಿಯೂ ಟ್ರಿನಿಡಾಡ್‌ಗೆ ಹೊರಟಾಗ ಏಜೆಂಟರು ಕೊಟ್ಟ ಪಟ್ಟಿಯಲ್ಲೂ ಬೀಚೇ ಜಾಸ್ತಿ. ಚರಿತ್ರೆಯ ಲೆಕ್ಕಕ್ಕೆ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಏಳು ಹಳೇ ಬಂಗಲೆಗಳು, ಒಂದು ಕೋಟೆ. ಅಷ್ಟೇ. ಎಂಟು ದಿನ ಅಲ್ಲಿ ಓಡಾಡಿ ಬಂದ ಮೇಲೆ ಹೇಳ್ತಿದ್ದೇನೆ, ಆ ಪಟ್ಟಿಯನ್ನು ತಿರುವಿ ಹಾಕಿ. ಬಂಗಲೆಗಳು ಕೊನೆಗಿರಲಿ. ಮೊದಲು ನೆಲ್ಸನ್ ದ್ವೀಪಕ್ಕೆ ಹೋಗಿ.

ಪಾರಿಯಾ ಕೊಲ್ಲಿಯಲ್ಲಿರುವ ಪುಟ್ಟ ದ್ವೀಪ ಇದು. ಅಲ್ಲಿನ ನ್ಯಾಷನಲ್ ಟ್ರಸ್ಟ್‌ನವರು ದೋಣಿ ಪ್ರವಾಸ ಏರ್ಪಡಿಸುತ್ತಾರೆ, ಮೊದಲೇ ಕೇಳಿ ಜಾಗ ಹಿಡಿದುಕೊಳ್ಳಬೇಕು. ಇಳಿದರೆ ಕಣ್ಣಿಗೆ ಬೀಳೋದು ಕೆಲವು ಹಳೇ ಕಟ್ಟಡ, ಗೋಡೆ, ಸುತ್ತ ನೀರು. ಆದರೆ 1866ರಿಂದ 1917ರವರೆಗೆ ಭಾರತದಿಂದ ಬಂದ ಕೂಲಿಯವರನ್ನು ಮೊದಲು ಇಳಿಸುತ್ತಿದ್ದದ್ದು ಇಲ್ಲೇ. ತಿಂಗಳುಗಟ್ಟಲೆ ಹಡಗಿನಲ್ಲಿ ಕೂತು ಬಂದವರಿಗೆ ಇಲ್ಲಿ ವೈದ್ಯರ ತಪಾಸಣೆ, ವಿಶ್ರಾಂತಿ. ಆಮೇಲೆ ಇಷ್ಟು ಜನ ಈ ತೋಟಕ್ಕೆ, ಇಷ್ಟು ಜನ ಆ ತೋಟಕ್ಕೆ ಅಂತ ಹಂಚಿಕೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1838ರಲ್ಲಿ ಬ್ರಿಟಿಷ್ ಕೆರಿಬಿಯನ್‌ನಲ್ಲಿ ಆಫ್ರಿಕನ್ನರ ಗುಲಾಮಗಿರಿ ಪೂರ್ತಿ ಮುಗಿಯಿತು. ಕಬ್ಬಿನ ತೋಟದ ಮಾಲೀಕರಿಗೆ ಕಡಿಮೆ ಕೂಲಿಗೆ ಆಳು ಬೇಕಾಯಿತು. 1845ರ ಫೆಬ್ರವರಿಯಲ್ಲಿ ಕಲ್ಕತ್ತಾದಿಂದ ಹೊರಟ 'ಫತೇಲ್ ರಜಾಕ್' ಹಡಗು ಮೇ 30ಕ್ಕೆ ಟ್ರಿನಿಡಾಡ್ ಮುಟ್ಟಿತು. ಅದರಲ್ಲಿದ್ದವರು ಸುಮಾರು 225 ಜನ. ಅಲ್ಲಿಂದ 1917ರವರೆಗೆ ಬಂದವರು 1 ಲಕ್ಷ 40 ಸಾವಿರಕ್ಕೂ ಹೆಚ್ಚು. ಬಹಳಷ್ಟು ಜನ ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದ್ರಾಸಿನಲ್ಲಿ ಹಡಗು ಹತ್ತಿದವರೂ ಇದ್ದರು. ಐದು ವರ್ಷದ ಕರಾರು. ಕರಾರು ಮುಗಿದ ಮೇಲೂ ಹೆಚ್ಚಿನವರು ಊರಿಗೆ ವಾಪಸ್ ಹೋಗಲೇ ಇಲ್ಲ. ಒಂದೇ ಹಡಗಿನಲ್ಲಿ ಬಂದವರು ಒಬ್ಬರಿಗೊಬ್ಬರು 'ಜಹಾಜಿ ಭಾಯಿ' ಆದರು, ಒಡಹುಟ್ಟಿದವರ ಹಾಗೆ ಬದುಕಿದರು. ಮೇ 30 ಅಲ್ಲಿ ಇವತ್ತಿಗೂ ಸರ್ಕಾರಿ ರಜೆ.

ನೆಲ್ಸನ್ ದ್ವೀಪ ನೋಡಿದ ಮೇಲೆ ಉಳಿದ ಜಾಗಗಳೆಲ್ಲ ಬೇರೆ ಥರ ಕಾಣುತ್ತವೆ. ನನಗಂತೂ ಹಾಗಾಯಿತು. ಮಾರನೇ ದಿನ ವಾಟರ್ಲೂ ಅನ್ನೋ ಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಮನೆಗಳ ಮುಂದೆ ಬಿದಿರಿನ ಕೋಲಿಗೆ ಕಟ್ಟಿದ ಕೆಂಪು, ಹಳದಿ ಬಾವುಟ. 'ಝಂಡಿ' ಅಂತಾರೆ. ಪೂಜೆ ಮಾಡಿಸಿದಾಗ ನೆಡೋದು. ಹಳ್ಳಿ ದಾಟಿ ಸಮುದ್ರದ ಹತ್ತಿರ ಬಂದರೆ, ನೀರಿನೊಳಗೆ ಒಂದು ಬಿಳಿ ದೇವಸ್ಥಾನ.

ಅದನ್ನು ಮೊದಲು ಕಟ್ಟಿದ್ದು ಸೇವ್‌ದಾಸ್ ಸಾಧು ಅನ್ನೋ ಒಬ್ಬ ಕಬ್ಬಿನ ತೋಟದ ಕೂಲಿ. ಚಿಕ್ಕ ಹುಡುಗನಾಗಿದ್ದಾಗ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಬಂದವರು. 1940ರ ದಶಕದ ಕೊನೆಯಲ್ಲಿ ದಡದ ಮೇಲೆ ಒಂದು ಸಣ್ಣ ಗುಡಿ ಕಟ್ಟಿದರು. ಆ ಜಾಗ ಸಕ್ಕರೆ ಕಂಪನಿಯದು. ತೆಗೆಯಲು ಹೇಳಿದರು, ಇವರು ಒಪ್ಪಲಿಲ್ಲ. 1952ರಲ್ಲಿ ಗುಡಿ ಕೆಡವಿದರು. ಸಾಧು 14 ದಿನ ಜೈಲಿನಲ್ಲಿದ್ದರು, ದಂಡವನ್ನೂ ಕಟ್ಟಬೇಕಾಯಿತು. ಆಚೆ ಬಂದವರು, ನೆಲ ಕಂಪನಿಯದಾದರೆ ಸಮುದ್ರ ಯಾರದೂ ಅಲ್ಲವಲ್ಲ ಅಂತ ನೀರಿಗಿಳಿದರು. ಕಲ್ಲು, ಮರಳು, ಸಿಮೆಂಟನ್ನು ಸೈಕಲ್ ಮೇಲೆ ತಂದರು. ನೀರು ಇಳಿದಾಗ ಕೆಸರಿನಲ್ಲಿ ಡ್ರಮ್ ಇಟ್ಟು ಕಾಂಕ್ರೀಟ್ ತುಂಬಿದರು. ದಡದಿಂದ ಸುಮಾರು 500 ಅಡಿ ಒಳಗೆ, ಬಹುಪಾಲು ಒಬ್ಬರೇ. ಬದುಕಿನ ಉಳಿದ ವರ್ಷಗಳೆಲ್ಲ ಅದಕ್ಕೇ ಹೋದವು. ಅಲೆ ತಿಂದದ್ದನ್ನು ಮತ್ತೆ ಕಟ್ಟೋದು, ಮತ್ತೆ ಕಟ್ಟೋದು. ಅವರು ತೀರಿಕೊಂಡ ಮೇಲೆ ಗುಡಿ ಹಾಳಾಗುತ್ತಾ ಬಂತು. ಭಾರತೀಯರು ಬಂದು 150 ವರ್ಷ ತುಂಬಿದ 1995ರಲ್ಲಿ ಅದನ್ನು ಈಗಿನ ರೂಪಕ್ಕೆ ತಂದರು.

ಈಗ ಅಲ್ಲಿಗೆ ನಡೆದುಹೋಗಲು ಗಟ್ಟಿ ದಾರಿ ಇದೆ. ನಾವು ಹೋದಾಗ ನೀರು ಇಳಿದಿತ್ತು. ಎರಡೂ ಕಡೆ ಕೆಸರು, ಹಕ್ಕಿಗಳು. ಪಕ್ಕದಲ್ಲೇ ಚಿತೆಗಳ ಜಾಗ, ಸಮುದ್ರಕ್ಕೆ ಮುಖ ಮಾಡಿ. ಸಾಧು ಅವರ ಪ್ರತಿಮೆಯ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ದೊಡ್ಡ ದೊಡ್ಡ ಅರಮನೆ ನೋಡಿದಾಗಲೂ ಗಂಟಲು ಕಟ್ಟಿದ್ದಿಲ್ಲ.

ಅಲ್ಲಿಂದ ಸ್ವಲ್ಪವೇ ದೂರ ಕಾರಾಪಿಚೈಮಾ. ಅಲ್ಲಿ 85 ಅಡಿಯ ಹನುಮಂತನ ಮೂರ್ತಿ, ಪಕ್ಕದಲ್ಲಿ ದತ್ತಾತ್ರೇಯ ದೇವಸ್ಥಾನ. ಇದು ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಪೀಠಕ್ಕೆ ಸೇರಿದ್ದು. ಮೂರ್ತಿ ನಿಂತದ್ದು 2003ರಲ್ಲಿ, ಹಳೇದಲ್ಲ. ಆದರೂ ಕಬ್ಬು ಬೆಳೆಯುತ್ತಿದ್ದ ಸೀಮೆಯಲ್ಲಿ ಮೈಸೂರಿನ ಹೆಸರು ಕೇಳಿದಾಗ ಆಗುವ ಖುಷಿಯೇ ಬೇರೆ.

ದಕ್ಷಿಣಕ್ಕೆ ಸಿಪಾರಿಯಾ ಅನ್ನೋ ಊರಿದೆ. ಅಲ್ಲಿನ ಕ್ಯಾಥೊಲಿಕ್ ಚರ್ಚಿನಲ್ಲಿರುವ ಮರಿಯಮ್ಮನನ್ನು ಹಿಂದೂಗಳು 'ಸಿಪಾರಿ ಮಾಯಿ' ಅಂತ ಪೂಜಿಸುತ್ತಾರೆ. ಗುಡ್ ಫ್ರೈಡೇ ಹಿಂದಿನ ರಾತ್ರಿ ಅಕ್ಕಿ, ಎಣ್ಣೆ, ಹೂ ಹಿಡಿದು ಬರುತ್ತಾರಂತೆ. ಪೋರ್ಟ್ ಆಫ್ ಸ್ಪೇನ್‌ನ ಸೇಂಟ್ ಜೇಮ್ಸ್ ಬೀದಿಗಳಲ್ಲಿ ಮೊಹರಂಗೆ 'ಹೋಸೇ' ನಡೆಯುತ್ತದೆ. ತಾಸೆ ಬಡಿತ, ಗೋರಿಯ ಆಕಾರದ ಬಣ್ಣದ ತಾಜಿಯಾ. ಹಿಂದೂಗಳೂ ಆಫ್ರಿಕನ್ನರೂ ಸೇರುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳ ಅಲಾಯಿ ಹಬ್ಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1884ರಲ್ಲಿ ಸ್ಯಾನ್ ಫರ್ನಾಂಡೊದಲ್ಲಿ ಹೋಸೇ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು, ಹತ್ತಾರು ಜನ ಸತ್ತರು. ಆದರೂ ಹಬ್ಬ ನಿಲ್ಲಲಿಲ್ಲ.

ಇನ್ನು ಆ ಏಳು ಬಂಗಲೆಗಳು. ಕ್ವೀನ್ಸ್ ಪಾರ್ಕ್ ಸವಾನಾ ಮೈದಾನದ ಅಂಚಿಗೆ ಸಾಲಾಗಿವೆ, 1900ರ ನಂತರದ ಹತ್ತು ವರ್ಷಗಳಲ್ಲಿ ಎದ್ದವು. ಚೆನ್ನಾಗಿವೆ, ಇಲ್ಲ ಅನ್ನಲ್ಲ. ಒಂದು ಸಂಜೆ ನಡೆದು ನೋಡಿದರೆ ಸಾಕು. ಆದರೆ ಊರಿನ ಹಿಂದಿನ ಗುಡ್ಡದ ಮೇಲಿರುವ ಫೋರ್ಟ್ ಜಾರ್ಜ್ ತಪ್ಪಿಸಬೇಡಿ. ಕೋಟೆ 1804ರದು. ಅಲ್ಲಿನ ಮರದ ಸಿಗ್ನಲ್ ಮನೆ 1883ರದು. ಅದರ ವಿನ್ಯಾಸ ಮಾಡಿದ್ದು ಕೋಫಿ ನ್ಟಿ, ಬ್ರಿಟಿಷರು ಟ್ರಿನಿಡಾಡ್‌ಗೆ ಕಳುಹಿಸಿದ್ದ, ಪಶ್ಚಿಮ ಆಫ್ರಿಕಾದ ಅಶಾಂಟಿ ರಾಜ್ಯದ ರಾಜಕುಮಾರ. ಮನೆ ಕಳೆದುಕೊಂಡ ಹುಡುಗ ಬೇರೆಯವರ ಹಡಗುಗಳನ್ನು ಕಾಯೋಕೆ ಒಂದು ಮನೆ ಮಾಡಿಕೊಟ್ಟ ಅನ್ನೋದು ನನ್ನ ತಲೆಯಿಂದ ಹೋಗುತ್ತಿಲ್ಲ. ಪಾರ್ಲಿಮೆಂಟ್ ಇರುವ ರೆಡ್ ಹೌಸ್ ಕೂಡ ಹಾಗೇ. 2013ರಲ್ಲಿ ದುರಸ್ತಿಗೆ ಅಗೆದಾಗ ಅಡಿಯಲ್ಲಿ ಮೂಲನಿವಾಸಿಗಳ ಮೂಳೆಗಳು, ಮಡಕೆ ಚೂರುಗಳು ಸಿಕ್ಕವು. ಎಲ್ಲರಿಗಿಂತ ಮೊದಲು ಅಲ್ಲಿದ್ದವರು ಅವರೇ ಅಲ್ವಾ.

ಕ್ರಿಕೆಟ್ ಅಭಿಮಾನಿಗಳು ಕ್ವೀನ್ಸ್ ಪಾರ್ಕ್ ಓವಲ್‌ಗೂ ಹೋಗಿಬನ್ನಿ. 1976ರಲ್ಲಿ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 406 ಹೊಡೆದು ಗೆದ್ದ ಮೈದಾನ. ನಮ್ಮ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49. ನಮ್ಮಪ್ಪ ಈ ಅಂಕಿಗಳನ್ನು ಮಗ್ಗಿಯ ಹಾಗೆ ಹೇಳುತ್ತಿದ್ದರು. ಖಾಲಿ ಮೈದಾನದಲ್ಲಿ ನಿಂತು ನಾನೂ ಒಮ್ಮೆ ಗಟ್ಟಿಯಾಗಿ ಹೇಳಿದೆ.

ಬೀದಿಯಲ್ಲಿ ಸಿಗುವ 'ಸಹೀನಾ' ತಿನ್ನಿ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ ಕರಿದದ್ದು. ನನ್ನ ಹೆಂಡತಿ ಮಂಗಳೂರಿನವಳು. ಒಂದು ತುತ್ತು ಬಾಯಿಗಿಟ್ಟು "ರೀ, ಇದು ಪತ್ರೊಡೆಯ ತಂಗಿ" ಅಂದಳು.

ಕೆಲವು ಸ್ನೇಹಿತರು ಕೇಳಿದರು, ಗುಡಿ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು, ಇಲ್ಲಿಲ್ಲವಾ ಅಂತ. ಇಲ್ಲಿರುವ ಗುಡಿಗಳಲ್ಲಿ ಹೆಚ್ಚಿನವನ್ನು ರಾಜರೋ, ದುಡ್ಡಿದ್ದವರೋ ಕಟ್ಟಿಸಿದ್ದು. ವಾಟರ್ಲೂ ಗುಡಿ ದಿನಗೂಲಿಯ ಒಬ್ಬ ಮನುಷ್ಯನದು. ಅದಕ್ಕೇ ಹೋಗಬೇಕು.

ಅಲ್ಲೇ ಒಬ್ಬ ವಯಸ್ಸಾದ ಹೆಂಗಸು ಸಿಕ್ಕರು. ಹಿಂದಿ ಬರುವುದಿಲ್ಲ, ಇಂಗ್ಲಿಷೇ ಅವರ ಭಾಷೆ. ಆದರೆ ಅಪ್ಪನ ಅಮ್ಮನಿಗೆ 'ಆಜಿ' ಅನ್ನುತ್ತಾರೆ, ಅಪ್ಪನ ಅಪ್ಪನಿಗೆ 'ಆಜಾ'. ನಮ್ಮಲ್ಲಿ ಅಜ್ಜಿ, ಅಜ್ಜ ಅಂದೆ. ಅವರು ಅದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಚೀಲದಿಂದ ಒಂದು ಜೆರಾಕ್ಸ್ ತೆಗೆದರು. ಆಜಾನ ವಲಸೆ ಚೀಟಿ. ಹೆಸರು, ತಂದೆ ಹೆಸರು, ಜಾತಿ, ಎತ್ತರ, ಮೈಮೇಲಿನ ಮಚ್ಚೆ, ಜಿಲ್ಲೆ ಬಸ್ತಿ, ಕೊನೆಗೆ ಊರು. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಊರಿನ ಹೆಸರು. "ಇದನ್ನು ನಿಮ್ಮ ಕಡೆ ಹೇಗೆ ಹೇಳುತ್ತಾರೆ?" ಅಂತ ಕೇಳಿದರು. ಆ ಸೀಮೆ ನನಗೂ ಗೊತ್ತಿಲ್ಲ. ಆದರೂ ಅಕ್ಷರ ಕೂಡಿಸಿ, ನಮ್ಮ ಬಾಯಲ್ಲಿ ಹೇಗೆ ಬರಬಹುದೋ ಹಾಗೆ ನಿಧಾನವಾಗಿ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. "ಇನ್ನೊಂದು ಸಲ ಹೇಳಪ್ಪಾ" ಅನ್ನೋ ಥರ ಕೈ ಹಿಡಿದುಕೊಂಡರು. ಇನ್ನೊಂದು ಸಲ ಓದಿದೆ.